ಹೊಲದ ಹೇಳಿಕೆ

ಪ್ರತಿ ವರ್ಷದಂತೆ ಗ್ರಾಮಲೆಕ್ಕಿಗ ಮಹಾಂತಗೌಡ ಬದುವಿನ ಮೇಲೆ ಕುಳಿತು ಹೊಲದ ಹೇಳಿಕೆ ಬರೆದುಕೊಳ್ಳತೊಡಗಿದ. ಮಾಲೀಕ ಶಂಕ್ರಣ್ಣ ಇಸ್ತ್ರಿ ಅಂಗಿಯಲ್ಲಿ ಪಕ್ಕಕ್ಕೆ ನಿಂತಿದ್ದ. ಸಾಗುವಳಿ ಸಾಬೀತಾಗದಿದ್ದರೆ ಅಗ್ಗದ ಕೃಷಿ ಕಂದಾಯ ಹೋಗಿ ದುಬಾರಿ ಸೈಟಿನ ತೆರಿಗೆ ಬೀಳುತ್ತದೆ.

“ಈ ವರ್ಷ ಯಾರು ದುಡದಾರವ್ವಾ?” ಎಂದು ಲೆಕ್ಕಿಗ ನೆಲವನ್ನು ಕೇಳಿದ.

“ಇಂವ ನಿನ್ನೆ ಬಾಡಿಗಿ ಟ್ರ್ಯಾಕ್ಟರ್ ಹೊಡಿಸ್ಯಾನ,” ಎಂದಿತು ಹೊಲ. “ಬೆನ್ನು ತುರಿಸಿದಂಗಾತು, ಅಷ್ಟ. ಮೂಲ್ಯಾಗ ಅಲಸಂದಿ ಬಿತ್ತಿದಾಕಿ ಕುರಿ ಕಾಯೋ ಕಾಶವ್ವ. ಎಳ್ಳಮಾಸಿಗೆ ಬುತ್ತಿ ತಂದು, ಚರಗ ಚೆಲ್ಲಿ ನನಗೂ ಉಣಿಸ್ಯಾಳ.”

ಲೆಕ್ಕಿಗ ‘ಕೃಷಿ ಜಮೀನು’ ಎಂದು ಬರೆದ. ಶಂಕ್ರಣ್ಣ ಸಮಾಧಾನದ ಉಸಿರು ಬಿಟ್ಟ.

“ಸಾಗುವಳಿ ಕಾಶವ್ವಂದ್ರಿ,” ಎಂದ ಲೆಕ್ಕಿಗ. “ಆಕಿ ಹೆಬ್ಬಟ್ಟು ಇಲ್ದ ತೆರಿಗಿ ರಿಯಾಯ್ತಿ ಸಿಗಂಗಿಲ್ಲ.”

ಹೊಲದೊಳಗೆ ಕುರಿ ಬಿಟ್ಟಳೆಂದು ಹೋದ ವಾರ ತಾನೇ ಬೈದು ಅಟ್ಟಿದ್ದ ಕಾಶವ್ವನನ್ನು “ಅಕ್ಕಾರ, ಅಕ್ಕಾರ” ಎಂದು ಕೂಗುತ್ತ ಶಂಕ್ರಣ್ಣ ಗುಡ್ಡದ ಕಡೆಗೆ ನಡೆದ.