ಅರ್ಧದಲ್ಲಿ ಅರ್ಧ

"ಅರ್ಧ ರೊಟ್ಟಿ ಹಾಕ್ತಾರೆ ಕಣೇ ನಂಗೆ," ಎಂದು ಅತ್ತೆ ಫೋನಿನಲ್ಲಿ ಮಗಳಿಗೆ ದೂರು ಹೇಳುತ್ತಿದ್ದರು. "ಅದೂ ಒಣ ರೊಟ್ಟಿ. ನೆಂಚ್ಕೊಳ್ಳೋಕೆ ಚೂರು ಪಲ್ಯನೂ ಇಲ್ಲ."

ಸೊಸೆ ಅಲ್ಲೇ ಇದ್ದಳು. ಮಂಚದ ಎಡಕ್ಕೆ, ಅಡುಗೆಮನೆಯ ಬಾಗಿಲ ಪಕ್ಕದ ಕಿಟಕಿಯ ಕೆಳಗೆ ಸ್ಟೂಲು ಹಾಕಿಕೊಂಡು, ಲಕ್ವ ಹೊಡೆದು ಮರಗಟ್ಟಿದ ಅತ್ತೆಯ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಡಾಕ್ಟರು ಹೇಳಿದಂತೆ ಎಣ್ಣೆ ಹಚ್ಚಿ ಒಂದೊಂದೇ ಬೆರಳು ನೀವುತ್ತಿದ್ದಳು. ಅತ್ತೆಯ ಮಡಿಲಲ್ಲಿ ಹಲಗೆ, ಹಲಗೆಯ ಮೇಲೆ ಸ್ಟೀಲಿನ ತಟ್ಟೆ. ಅದರಲ್ಲಿ ಅರ್ಧ ರೊಟ್ಟಿ ಹಾಗೇ ಉಳಿದಿತ್ತು, ಅದರ ಪಕ್ಕದ ಪಲ್ಯವನ್ನೂ ಮುಟ್ಟಿರಲಿಲ್ಲ. ಕಣ್ಣೆದುರು ಇರುವುದನ್ನೇ ಇಲ್ಲ ಎನ್ನುವವರ ಜೊತೆ ಯಾರು ಜಗಳ ಆಡುವುದು? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಸೊಸೆಯ ಕಾಲ ದಾರಿಯಲ್ಲೆಲ್ಲೋ ತಪ್ಪಿಸಿಕೊಂಡಂತಿತ್ತು.

"ಅತ್ತಿಗೆ ಹತ್ರ ಕೊಡಮ್ಮ ಫೋನು," ಎಂದಳು ನಾದಿನಿ. ಸ್ಪೀಕರ್ ಹಾಕಿದ್ದರಿಂದ ಎಲ್ಲವೂ ಕೇಳುತ್ತಿತ್ತು.

"ಅವಳೆಲ್ಲಿ ಸಿಗ್ತಾಳೆ? ನಾನು ಹಾಸಿಗೆ ಹಿಡಿದಾಗಿಂದ ಈ ಕಡೆ ತಲೇನೇ ಹಾಕಿಲ್ಲ."

"ಇಲ್ಲೇ ಇದ್ದೀನಲ್ಲ ಅತ್ತೆ," ಎಂದಳು ಸೊಸೆ. ಅತ್ತೆ ತಟ್ಟನೆ ಮುಖವನ್ನು ಬಲಕ್ಕೆ, ಹೊರಬಾಗಿಲ ಕಡೆಗೆ ತಿರುಗಿಸಿದರು. ಎರಡು ತಿಂಗಳಿಂದ ಇದೇ ಕತೆ. ಸೊಸೆ ಬಾಯಿ ಬಿಟ್ಟರೆ ಸಾಕು, ಅತ್ತೆಯ ಮುಖ ಆಚೆಗೆ.

"ಓ, ದೂರು ಕಿವಿಗೆ ಬಿದ್ಮೇಲೆ ಬಂದ್ರಾ ಅತ್ತಿಗೆ?" ಎಂದಳು ನಾದಿನಿ. "ತೊಂದರೆ ತಗೋಬೇಡಿ. ಭಾನುವಾರ ಬಂದು ಅಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ." ಫೋನು ಕಟ್ಟಾಯಿತು. ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಉಗುಳು ಒರೆಸಿ, ಬಟ್ಟೆ ಬದಲಿಸಿ, ತಲೆ ಬಾಚಿದ್ದಕ್ಕೆಲ್ಲ ಸಿಕ್ಕ ಬಿರುದು ಇದು, ಹೊಟ್ಟೆಗೆ ಹಾಕದ ಸೊಸೆ. ಹೋದರೆ ಹೋಗಲಿ, ಪೀಡೆ ಕಳೆಯಿತು ಎಂದುಕೊಂಡಳು. ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು, ಆದರೂ ಕೈ ಬೆರಳುಗಳನ್ನು ನೀವುವುದನ್ನು ಬಿಡಲಿಲ್ಲ.

ಅಷ್ಟರಲ್ಲಿ ಸ್ಕೂಲಿನಿಂದ ಬಂದ ಮಗಳು ಚೀಲವನ್ನು ಮೂಲೆಗೆ ಎಸೆದಳು. ಮುಖ ಊದಿತ್ತು. "ಅಮ್ಮ, ಅರ್ಧದಲ್ಲಿ ಅರ್ಧ ಅಂದ್ರೆ ಎಷ್ಟು?"

"ಕಾಲು."

"ಅದು ಹೇಗೆ? ಅರ್ಧ ಮಾಡಿದ್ರೆ ಅರ್ಧನೇ ತಾನೇ ಬರೋದು? ಹಂಗೇ ಹೇಳಿದ್ದಕ್ಕೆ ಟೀಚರ್ ತಪ್ಪು ಅಂದ್ರು."

"ನನ್ನ ತಲೆ ತಿನ್ಬೇಡ. ನಿಮ್ಮಜ್ಜೀನ ಕೇಳು. ಈ ಮನೇಲಿ ಅರ್ಧದ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು."

ಹುಡುಗಿಗೆ ಕುಟುಕು ಎಲ್ಲಿ ಗೊತ್ತಾಗಬೇಕು. ನೇರ ಹೋಗಿ, ಉಳಿದ ರೊಟ್ಟಿಯನ್ನು ಸರಿಯಾಗಿ ನೋಡಲೆಂದು ತಟ್ಟೆಯನ್ನು ಕಾಲು ಸುತ್ತು ತಿರುಗಿಸಿದಳು. ಎಡಕ್ಕಿದ್ದ ಅರ್ಧ ರೊಟ್ಟಿ ಮೇಲುಗಡೆಗೆ ಬಂತು. ಅತ್ತೆಯ ಕಣ್ಣು ಅರಳಿತು. "ಓಹೋ, ಇನ್ನೊಂದು ರೊಟ್ಟಿ ತಂದ್ಯಾ ಪುಟ್ಟಿ? ಪಲ್ಯನೂ ಇದೆಯಲ್ಲ ಈಗ." ಎಷ್ಟು ದಿನದ ಹಸಿವೋ ಎಂಬಂತೆ ಮುರಿದು ಮುರಿದು ತಿಂದರು. ತಿನ್ನುತ್ತ ತಿನ್ನುತ್ತ ನಡುಮಧ್ಯಕ್ಕೆ ಬಂದು ನಿಂತರು, ಬೆರಳು ಒರೆಸಿಕೊಂಡರು. "ಮುಗೀತು. ಮತ್ತೆ ಅಷ್ಟೇ ಹಾಕಿದ್ದಾರೆ ನೋಡು."

"ಅಮ್ಮ, ಇಲ್ಲಿ ನೋಡು," ಎಂದಳು ಮಗಳು. "ಅಜ್ಜಿ ಅರ್ಧದಲ್ಲಿ ಅರ್ಧ ತಿಂದ್ರು. ಇನ್ನು ಇಷ್ಟೇ ಉಳಿದಿರೋದು. ಇಂಥ ನಾಕು ಇಟ್ರೆ ಒಂದು ರೊಟ್ಟಿ. ಅದಕ್ಕೇ ಕಾಲು ಅನ್ನೋದಾ?"

ಸೊಸೆಯ ಕೈ ನಿಂತಿತು. ಉಳಿದ ಕಾಲು ರೊಟ್ಟಿ ತಟ್ಟೆಯ ಎಡಕ್ಕಿತ್ತು. ಬಲಕ್ಕೆ ಒಂದು ಚೂರೂ ಇರಲಿಲ್ಲ. ಅವಳು ಎದ್ದು, ತುಂಡಿನ ನಡುಭಾಗ ಅತ್ತೆಯ ಎದುರಿಗೆ ಬರುವಂತೆ ತಟ್ಟೆಯನ್ನು ಸ್ವಲ್ಪವೇ ತಿರುಗಿಸಿದಳು. ಅತ್ತೆ ಅದರ ಬಲಭಾಗವನ್ನು ತಿಂದು ಮತ್ತೆ ಕೈ ಒರೆಸಿಕೊಂಡರು.

"ಈಗೆಷ್ಟಮ್ಮ?" ಎಂದಳು ಮಗಳು.

"ಕಾಲಿನಲ್ಲಿ ಅರ್ಧ. ಅರೆಕಾಲು," ಎಂದಳು ಸೊಸೆ, ಯಾವುದೋ ಯೋಚನೆಯಲ್ಲಿ. ತಟ್ಟೆಯನ್ನು ಇನ್ನಷ್ಟು ತಿರುಗಿಸಿದಳು. ಆ ತುಣುಕೂ ಹೋಯಿತು. ಎರಡು ತಿಂಗಳಲ್ಲಿ ಮೊದಲ ಸಲ ತಟ್ಟೆ ಖಾಲಿಯಾಗಿತ್ತು.

ಸೊಸೆ ತಾನು ಕೂತಿದ್ದ ಸ್ಟೂಲನ್ನು ನೋಡಿದಳು. ಲಕ್ವ ಹೊಡೆದಂದಿನಿಂದ ಅತ್ತೆಯ ಪಾಲಿಗೆ ಎಡಗಡೆ ಎನ್ನುವುದೇ ಇರಲಿಲ್ಲ. ತಟ್ಟೆಯ ಎಡಕ್ಕಿದ್ದ ರೊಟ್ಟಿಯೂ ಇಲ್ಲ, ಮಂಚದ ಎಡಕ್ಕೆ ಕೂತ ಸೊಸೆಯೂ ಇಲ್ಲ. ತನ್ನ ದನಿ ಕೇಳಿದಾಗಲೆಲ್ಲ ಪಾಪ, ಆಕೆ ಬಲಕ್ಕೆ ತಿರುಗಿ ತನ್ನನ್ನೇ ಹುಡುಕುತ್ತಿದ್ದರು.

ಅವಳು ಒಳಗೆ ಹೋಗಿ ಬಿಸಿ ರೊಟ್ಟಿ ತಂದು ತಟ್ಟೆಯ ನಡುವೆ ಹಾಕಿದಳು. ಸ್ಟೂಲನ್ನು ಎತ್ತಿ ಮಂಚವನ್ನು ಬಳಸಿ ಬಂದು ಹೊರಬಾಗಿಲ ಕಡೆಗೆ ಕೂತಳು.

ಅತ್ತೆ ಅವಳನ್ನೇ ದಿಟ್ಟಿಸಿದರು. "ಬಂದ್ಯಾ?" ಎಂದರು. "ಎಲ್ಲಿ ಹೋಗಿದ್ದೆ ಇಷ್ಟು ದಿನ? ಒಬ್ಬಳೇ ಕೂತು ತಿಂದೂ ತಿಂದೂ ಸಾಕಾಗಿಹೋಗಿತ್ತು ಕಣೇ."

ಸೊಸೆ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ತಿಂದ್ಯಾ ನೀನು?"

ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅತ್ತೆ ತಮ್ಮ ಕಣ್ಣಿಗೆ ಕಂಡಷ್ಟು ರೊಟ್ಟಿಯನ್ನು ಒಂದೇ ಕೈಯಲ್ಲಿ ಹೇಗೋ ಎರಡು ಭಾಗ ಮಾಡಿ, ಒಂದನ್ನು ಅವಳ ಅಂಗೈಯಲ್ಲಿಟ್ಟರು. ಬೇರೆ ಯಾರಿಗೂ ಕೇಳದಿರಲೆಂದು ದನಿ ತಗ್ಗಿಸಿದರು.

"ಈ ಮನೇಲಿ ಹಾಕೋದೇ ಅರ್ಧ. ಅದ್ರಲ್ಲಿ ಅರ್ಧ ನೀನು ತಿನ್ನು."