ನಾಲ್ಕು ಅಡಿ ಕಮ್ಮಿ

ಬಡಗಿ ಟೇಪಿನ ತುದಿಯನ್ನು ಹೆಂಡತಿಯ ಕೈಗೆ ಕೊಟ್ಟು ಗೋಡೆಯ ಹತ್ತಿರ ನಿಲ್ಲಿಸಿ, ತಾನು ಹಿಂದಕ್ಕೆ ಹೆಜ್ಜೆಯಿಡುತ್ತ ಹಿತ್ತಲಿನ ಬೇಲಿಗೆ ಬೆನ್ನು ತಾಗಿಸಿಕೊಂಡು ನಿಂತ. "ಹದಿನಾರು ಅಡಿ," ಎಂದ.

"ಸರಿಯಾಗಿ ನೋಡಿ."

"ಎಷ್ಟು ಸಲ ನೋಡಿದರೂ ಹದಿನಾರೇ."

ಹೆಂಡತಿ ದರ್ಜಿ. ಅಳತೆಯ ವಿಷಯದಲ್ಲಿ ಗಂಡನನ್ನೂ ನಂಬುವವಳಲ್ಲ. ಕೊರಳಲ್ಲಿ ನೇತಾಡುತ್ತಿದ್ದ ತನ್ನ ಬಟ್ಟೆಯ ಟೇಪನ್ನೇ ಎಳೆದುಕೊಂಡು, ಮಂಡಿಯೂರಿ, ಗೋಡೆಯಿಂದ ಬೇಲಿಯವರೆಗೂ ತೆವಳಿದಳು. ಎದ್ದು ಮಂಡಿಯ ಮಣ್ಣು ಕೊಡವಿಕೊಂಡಳು. ಅವಳ ಟೇಪಿನಲ್ಲೂ ಹದಿನಾರೇ. ಪಿಕಲ್‌ಬಾಲ್ ಅಂಕಣಕ್ಕೆ ಇಪ್ಪತ್ತು ಅಡಿ ಅಗಲ ಬೇಕು.

ಹೊಲಿದು ಹೊಲಿದು ಅವಳ ಹೆಗಲು ಹಿಡಿದುಕೊಂಡಿತ್ತು. ಏನಾದರೂ ಆಟ ಆಡಿ ಎಂದು ಡಾಕ್ಟರು ಹೇಳಿದ್ದರು. ಗಿರಾಕಿಯೊಬ್ಬಳ ಮನೆಯಲ್ಲಿ ಒಮ್ಮೆ ಪಿಕಲ್‌ಬಾಲ್ ಆಡಿ ಬಂದಿದ್ದಳು. ತೂತುತೂತಿನ ಹಗುರ ಚೆಂಡು, ಪುಟ್ಟ ಬ್ಯಾಟು, ನಡುವೆ ಸೊಂಟದೆತ್ತರದ ಬಲೆ. ಅಂದಿನಿಂದ ಅಡುಗೆಮನೆಯಲ್ಲಿ ಸೌಟನ್ನೂ ಬ್ಯಾಟಿನಂತೆ ಬೀಸುತ್ತಿದ್ದಳು. ಬಡಗಿಗೆ ಓಡಾಟದ ಆಟ ಆಗಿಬರದು. ನೆಲದ ಮೇಲೆ ಚಿಕ್ಕ ಚೆಂಡೊಂದನ್ನು ಬಿಟ್ಟು, ದೊಡ್ಡ ಚೆಂಡುಗಳನ್ನು ಅದರ ಹತ್ತಿರಕ್ಕೆ ಉರುಳಿಸುವ ಬಾಚಿ ಎಂಬ ಆಟ ಅವನ ಮನಸ್ಸಿಗೆ ಹಿಡಿದಿತ್ತು. ಹತ್ತಡಿ ಅಗಲವಿದ್ದರೆ ಸಾಕು, ಮಧ್ಯೆ ಮಧ್ಯೆ ಕುರ್ಚಿಯ ಮೇಲೆ ಕೂತು ಕಾಫಿಯನ್ನೂ ಕುಡಿಯಬಹುದು.

"ಮರ ಕೆತ್ತೋ ಬಾಚಿ ಸಾಲದು ಅಂತ ಆಟಕ್ಕೂ ಬಾಚಿನೇ ಬೇಕಾ ನಿಮಗೆ?" ಎಂದು ಅವಳು ವಾರವೆಲ್ಲ ಹಂಗಿಸಿದ್ದಳು.

"ನಿನ್ನ ಉಪ್ಪಿನಕಾಯಿ ಆಟಕ್ಕಿಂತ ವಾಸಿ," ಎಂದು ಅವನೂ ಬಿಟ್ಟುಕೊಟ್ಟಿರಲಿಲ್ಲ.

ಈಗ ಗೆದ್ದವನು ಅವನೇ. ಆದರೂ ಖುಷಿಪಡಲು ಮನಸ್ಸು ಬರಲಿಲ್ಲ. ಮೂರು ವರ್ಷದ ಹಿಂದೆ ಈ ಹಿತ್ತಲು ಮೂವತ್ತೆರಡು ಅಡಿ ಅಗಲವಿತ್ತು. ಬೇಲಿಯಾಚೆಗಿನ ಅರ್ಧ ಹೆಂಡತಿಯ ತಂಗಿಯದು. ಅಮ್ಮ ತೀರಿಕೊಂಡ ಮೇಲೆ ಮನೆ ಚೊಕ್ಕಟ ಮಾಡುವ ಭರದಲ್ಲಿ ತಂಗಿ ಅಮ್ಮನ ಹಳೇ ಹೊಲಿಗೆ ಯಂತ್ರವನ್ನು ಯಾರನ್ನೂ ಕೇಳದೆ ಗುಜರಿಗೆ ಹಾಕಿದ್ದಳು. "ನಿನಗೆ ಅಮ್ಮನೂ ಗುಜರಿನೇ" ಎಂದುಬಿಟ್ಟಿದ್ದಳು ಅಕ್ಕ. ಆ ವಾರವೇ ಹಲಗೆ ತಂದು ಆಳೆತ್ತರದ ಬೇಲಿ ಕಟ್ಟಬೇಕೆಂದು ಬಡಗಿಗೆ ಅಪ್ಪಣೆಯಾಗಿತ್ತು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ, ಕತೆಯಿಲ್ಲ.

"ಹೋಗ್ಲಿ ಬಿಡಿ, ನಿಮ್ಮ ಬಾಚಿನೇ ಮಾಡಿ," ಎಂದು ಹೆಂಡತಿ ಒಳಗೆ ನಡೆದಳು.

ಬಡಗಿ ಟೇಪು ಸುತ್ತುತ್ತ ನಿಂತಿದ್ದಾಗ ಬೇಲಿಯಾಚೆಯಿಂದ ಗಂಟಲು ಸರಿಪಡಿಸಿಕೊಂಡ ಸದ್ದು ಬಂತು.

"ಭಾವ, ಎಷ್ಟು ಕಮ್ಮಿ ಬಿತ್ತು?"

ನಾದಿನಿ ಬಸ್ ಡ್ರೈವರು. ದಟ್ಟ ರಸ್ತೆಯಲ್ಲೂ ಕೇಳುವಂಥ ಗಂಟಲು ಅವಳದು. ಪಿಸುಗುಟ್ಟಿದರೂ ಅಡುಗೆಮನೆಗೆ ಮುಟ್ಟುತ್ತದೆ.

"ನಾಲ್ಕು ಅಡಿ ಕಣಮ್ಮ."

"ನಾಲ್ಕು ಅಡಿ ಎಲ್ಲಿ ಸಾಲುತ್ತೆ? ಅಕ್ಕಪಕ್ಕ ಓಡೋಕೆ ಜಾಗ ಬೇಡ್ವಾ? ನಮ್ಮ ಡಿಪೋದಲ್ಲಿ ದಿನಾ ಆಡ್ತೀವಿ, ನನಗೆ ಗೊತ್ತು. ಬೇಲಿ ಪೂರ್ತಿ ತೆಗೀಬೇಕು." ಆ ಕಡೆಯಿಂದ ಹಲಗೆ ತಟ್ಟಿ ಅವಳೇ ಮುಂದುವರಿಸಿದಳು. "ಅದೂ ಅಲ್ಲದೆ ಅಕ್ಕ ಯಾರ ಜೊತೆ ಆಡ್ತಾಳೆ? ನಿಮ್ಮ ಮೊಣಕಾಲು ಬಗ್ಗೋದೇ ಇಲ್ಲ."

ಬಡಗಿಗೆ ನಗು ಬಂತು. ಬೇಲಿಯಾಚೆಯ ದನಿ ಮಾತ್ರ ತಗ್ಗಿತು.

"ಭಾವ, ಆ ಮಷಿನ್ ಹುಡುಕ್ಕೊಂಡು ಗುಜರಿ ಅಂಗಡಿಗೆ ಐದು ಸಲ ಹೋದೆ. ಅಷ್ಟರಲ್ಲಿ ಕರಗಿಸಿಬಿಟ್ಟಿದ್ರು. ಅವಳಿಗೆ ಹೇಳೋಕೆ ಮುಖ ಇರಲಿಲ್ಲ ನನಗೆ."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಫಕ್ಕನೆ ನಿಂತಿತು. ಬಡಗಿ ಬಾಗಿಲನ್ನೇ ನೋಡಿದ. ಹೆಂಡತಿ ಹೊರಗೆ ಬಂದಳು. ಕೈಯಲ್ಲಿ ಅವನ ಮೊಳೆ ಕೀಳುವ ಸುತ್ತಿಗೆ. ಸೆರಗಿನಿಂದ ಮೂಗು ಒರೆಸಿಕೊಂಡು, ಅದನ್ನು ಗಂಡನಿಗೆ ಕೊಡದೆ, ತಾನೇ ಮೊದಲ ಹಲಗೆಯ ಸಂದಿಗೆ ತೂರಿಸಿ ಮೀಟಿದಳು. ಮೊಳೆ ಕಿರ್ರೆಂದಿತು.

"ಆ ಕಡೆಯಿಂದ ತಳ್ಳೇ," ಎಂದು ಕೂಗಿದಳು. "ನಾನೊಬ್ಬಳೇ ಎಷ್ಟು ಅಂತ ಕೀಳ್ಲಿ?"

ಹಲಗೆ ಧಡಾರನೆ ಬಿತ್ತು. ಆಚೆ ಕಡೆ ತಂಗಿ ಡ್ರೈವರ್ ಅಂಗಿಯಲ್ಲೇ ನಿಂತಿದ್ದಳು. ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿ, "ಅಂಗಿ ತೋಳು ಉದ್ದ ಆಗಿದೆ. ಕೊಟ್ಟು ಹೋಗು, ಮಡಿಚಿ ಹೊಲೀತೀನಿ," ಎಂದಳು. ಆಮೇಲೆ, ಇನ್ನೊಂದು ಮೊಳೆಯನ್ನು ನೋಡುತ್ತ, "ಅವತ್ತು ನಾನೂ ಹಾಗೆ ಅನ್ನಬಾರದಿತ್ತು ಕಣೇ," ಎಂದಳು.

ಒಂದೂವರೆ ತಿಂಗಳಿಗೆ ನೆಲಕ್ಕೆ ಕಾಂಕ್ರೀಟು ಬಿತ್ತು, ಗೆರೆ ಎಳೆದಾಯಿತು, ಬಲೆ ಕಟ್ಟಿದ್ದಾಯಿತು. ಭಾನುವಾರ ಬೆಳಿಗ್ಗೆ ಮೊದಲ ಆಟ. ಬಡಗಿ ಕಾಫಿ ಲೋಟ ಹಿಡಿದು ಕುರ್ಚಿಯಲ್ಲಿ ಒರಗಿ ಕೂತ. ಐದು ನಿಮಿಷ ಆಟ ಚೆನ್ನಾಗಿಯೇ ನಡೆಯಿತು. ಆರನೇ ನಿಮಿಷಕ್ಕೆ ತಂಗಿ ಹೊಡೆದ ಚೆಂಡು ಮೂಲೆಯಲ್ಲಿ ಟಪ್ಪೆಂದು ಬಿತ್ತು.

"ಹೊರಗೆ!"

"ಗೆರೆ ಮೇಲೆ! ಕನ್ನಡಕ ಹಾಕ್ಕೊಂಡು ನೋಡು!"

"ನನಗೇ ಹೇಳ್ತೀಯಾ? ಚಿಕ್ಕಂದಿನಿಂದ ನಿಂದು ಬರೀ ಮೋಸವೇ!"

"ನಿಂದು ಬರೀ ಜೋರು!"

ಇಬ್ಬರೂ ಬ್ಯಾಟು ಎತ್ತಿಕೊಂಡು ಬಲೆಯ ಹತ್ತಿರ ಬಂದರು. ಮುಖ ಕೆಂಪೇರಿತ್ತು, ದನಿ ಬೀದಿಗೆ ಕೇಳುತ್ತಿತ್ತು. ಬಡಗಿ ಲೋಟ ಕೆಳಗಿಟ್ಟು, ಕುಂಟುತ್ತ ಓಡಿಬಂದು, ಇಬ್ಬರ ಮಧ್ಯೆ ಕೈ ಅಡ್ಡ ಹಿಡಿದು, "ಸಮಾಧಾನ, ಸಮಾಧಾನ. ನಾನು ನೋಡಿದೆ, ಚೆಂಡು..." ಎನ್ನುವಷ್ಟರಲ್ಲಿ ಅಕ್ಕತಂಗಿ ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು.

"ನೀವು ಸುಮ್ನಿರಿ! ಇದು ನಮ್ಮ ಮನೆ ವಿಷಯ!"