ಮಾಸ್ತರರ ದಾರದ ಎರಡನೇ ಗಂಟು

ಊಟ ಮಾಡುತ್ತಾ ಇದನ್ನು ಓದಬೇಡಿ... ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಗದಗಿನಲ್ಲಿ ಇಬ್ಬರು ಗೆಳೆಯರಿದ್ದರು. ಒಬ್ಬರು ನಿಜಗುಣಪ್ಪ, ದೊಡ್ಡ ಬಟ್ಟೆ ಅಂಗಡಿಯ ಮಾಲೀಕರು. ಇನ್ನೊಬ್ಬರು ಚಂಬಣ್ಣ, ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ್.

ಇಬ್ಬರಿಗೂ ಒಂದೇ ಹುಚ್ಚು... ಟ್ರೆಕ್ಕಿಂಗ್.

ಅವರ ಕ್ಲಬ್ ಹಿಮಾಲಯಕ್ಕೆ ಹೊರಟಿತ್ತು. ಲೀಡರ್ ಯಾರಾಗಬೇಕು? ಟೆಂಟನ್ನು ಬೇಗ ಹಾಕಬೇಕು, ಸರಿಯಾಗಿಯೂ ಹಾಕಬೇಕು... ಗೆದ್ದವರೇ ಲೀಡರ್ ಎಂದು ತೀರ್ಮಾನವಾಯಿತು.

ಆ ಟೆಂಟಿಗೆ ನಡುವೆ ಒಂದೇ ಕಂಬ. ಕೆಳಗೆ ನೆಲಹಾಸು ಇರುವುದಿಲ್ಲ, ಬರೀ ಮಣ್ಣು. ನಾಲ್ಕು ಮೂಲೆಯ ಗೂಟಗಳು ಸರಿಯಾದ ಚೌಕದಲ್ಲಿ ಬಿದ್ದರೆ, ಕಂಬ ಎತ್ತಿದ ಕೂಡಲೇ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ.

ಚೌಕ ಸೊಟ್ಟಗಾಯಿತೋ... ಒಂದು ಬದಿ ಜೋತು ಬೀಳುತ್ತದೆ. ಗಾಳಿ ಅಲ್ಲಿಂದಲೇ ನುಗ್ಗುತ್ತದೆ.

ಇದಕ್ಕೆ ಮಾಸ್ತರ್ ಒಂದು ಉಪಾಯ ಮಾಡಿಕೊಂಡಿದ್ದರು. ಒಂದು ದಾರ, ಅದರಲ್ಲಿ ಎರಡು ಗಂಟು. ತುದಿಯಿಂದ ಮೊದಲ ಗಂಟಿನವರೆಗೆ ಚೌಕದ ಒಂದು ಬದಿಯ ಅಳತೆ. ಎರಡನೇ ಗಂಟಿನವರೆಗೆ, ಒಂದು ಮೂಲೆಯಿಂದ ಎದುರು ಮೂಲೆಗೆ. ದಾರ ಹಿಡಿದು ಗೂಟ ಹೊಡೆದರೆ ಮುಗಿಯಿತು.

ಸ್ಪರ್ಧೆಯ ದಿನ ಮಾಸ್ತರ್ ಚಹಾ ಕುಡಿಯಲು ಹೊರಟರು. "ಲೇ ನಿಜಗುಣಾ, ಇದನ್ನ ಸ್ವಲ್ಪ ನೋಡ್ಕೋ" ಎಂದು ದಾರವನ್ನು ಗೆಳೆಯನ ಕೈಗೇ ಕೊಟ್ಟು ಹೋದರು.

ನಿಜಗುಣಪ್ಪ ಚೆನ್ನಾಗಿಯೇ ನೋಡಿಕೊಂಡರು... ಎರಡನೇ ಗಂಟು ಬಿಚ್ಚಿ, ಒಂದು ಗೇಣು ಆಚೆ ಹೊಸ ಗಂಟು ಹಾಕಿಟ್ಟರು!

ಇಲ್ಲಿಂದ ಮುಂದೆ ಆತನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ.

ಮಾಸ್ತರರ ಟೆಂಟ್ ಸೊಟ್ಟಗೆ ನಿಂತಿತು. ಒಂದು ಬದಿ ಜೋತು ಬಿತ್ತು.

"ನೋಡ್ರಿಲ್ಲಿ, ಡ್ರಾಯಿಂಗ್ ಮಾಸ್ತರಗ ಒಂದು ಚೌಕ ಹಾಕಾಕ ಬರಂಗಿಲ್ಲ!" ಎಂದು ಎಲ್ಲರಿಗಿಂತ ಜೋರಾಗಿ ನಕ್ಕವನು ನಿಜಗುಣಪ್ಪ. ಲೀಡರ್ ಆದವನೂ ಅವನೇ.

ಪಾಪ, ಮಾಸ್ತರ್ ದಾರದ ಮೇಲೆ ಅನುಮಾನ ಪಡಲಿಲ್ಲ... ತಮ್ಮ ಕೈಯ ಮೇಲೆಯೇ ಅನುಮಾನ ಪಟ್ಟರು. "ವಯಸ್ಸಾತು, ಅವಸರದಾಗ ಕೈ ತಪ್ಪೇತಿ" ಎಂದರು. ಅಂದಿನಿಂದ ಟೆಂಟ್ ಮುಟ್ಟಲೇ ಇಲ್ಲ.

ತಂಡ ಹೊರಡುವ ದಿನ ಅವರು ರೈಲ್ವೆ ಸ್ಟೇಷನ್ನಿಗೆ ಬಂದರು. ನಿಜಗುಣಪ್ಪನ ಒಬ್ಬಳೇ ಮಗಳು ಶಾಂಭವಿಯೂ ಹೊರಟಿದ್ದಳು. ಅವಳ ಕೈಗೆ ಆ ದಾರ ಇಟ್ಟರು.

"ತಗೋ ಅವ್ವಾ... ನಾ ಅಂತೂ ಬರಂಗಿಲ್ಲ. ನನ್ನ ದಾರಾದ್ರೂ ಹಿಮಾಲಯ ನೋಡ್ಲಿ."

ನಿಜಗುಣಪ್ಪ "ಅದು ಬ್ಯಾಡ" ಎನ್ನಲು ಬಾಯಿ ತೆರೆದ... ಬೇಡ ಅಂದರೆ "ಯಾಕ?" ಅಂತ ಕೇಳುತ್ತಾರಲ್ಲ! ಬಾಯಿ ಮುಚ್ಚಿಕೊಂಡ. ಟೆಂಟ್ ಹಾಕುವವನು ಹೇಗೂ ನಾನೇ ಎಂದು ಸಮಾಧಾನ ಮಾಡಿಕೊಂಡ.

ಆದರೆ ಲೀಡರ್ ಆದವನಿಗೆ ಲೀಡರ್ ಕೆಲಸವೂ ಇರುತ್ತದಲ್ಲ... ಬೆಟ್ಟದ ಮೇಲೆ, ಹಿಂದೆ ಉಳಿದವರನ್ನು ಕರೆತರಲು ಅವನೇ ಇಳಿದು ಹೋಗಬೇಕಾಯಿತು. ಮೇಲೆ ಉಳಿದವಳು ಶಾಂಭವಿ ಒಬ್ಬಳೇ.

ಅಷ್ಟರಲ್ಲಿ ಆಲಿಕಲ್ಲು ಸುರಿಯತೊಡಗಿತು. ಶಾಂಭವಿ ಅವಸರದಲ್ಲಿ ಚಂಬಣ್ಣ ಕಾಕಾನ ದಾರ ಹಿಡಿದು ಗೂಟ ಹೊಡೆದಳು. ಕಂಬ ಎತ್ತಿ ಒಳಗೆ ಸೇರಿಕೊಂಡಳು.

ಜೋತು ಬಿದ್ದ ಬದಿಯಿಂದ ಗಾಳಿ ನುಗ್ಗಿತು... ಟೆಂಟ್ ಗೂಟ ಸಮೇತ ಹಾರಿತು. ಕಂಬ ತಲೆಗೆ ಬಡಿದು, ಅಪ್ಪ ಬರುವವರೆಗೂ ಅವಳು ಹಿಮದಲ್ಲೇ ಬಿದ್ದಿದ್ದಳು.

ಜೀವ ಉಳಿಯಿತು. ಹಿಮಕ್ಕೆ ಮರಗಟ್ಟಿದ ಬಲಗೈಯ ಬೆರಳುಗಳು ಉಳಿಯಲಿಲ್ಲ.

ಊರಲ್ಲಿ ಮಾತು ಹಬ್ಬಿತು... "ಸೋತ ಹೊಟ್ಟೆಕಿಚ್ಚಿಗೆ ಮಾಸ್ತರ್ ಕೆಟ್ಟ ದಾರ ಕೊಟ್ಟ." ನಿಜಗುಣಪ್ಪ ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ.

ಮಾಸ್ತರ್ ಅಳುತ್ತಾ ಬಂದರು. ಮನೆ ತುಂಬ ಜನ. ಅವಳ ಮಂಚದ ಪಕ್ಕ ಕುಸಿದು ಕುಳಿತರು. "ನನ್ನ ದಾರ ನಿನ್ನ ಬೆರಳು ತಿಂತಲ್ಲವ್ವಾ..." ಎಂದು ಬಿಕ್ಕಿದರು. ಆಮೇಲೆ ಗೆಳೆಯನ ಕಾಲು ಹಿಡಿಯಲು ಬಗ್ಗಿದರು.

ಆಗಲೂ ನಿಜಗುಣಪ್ಪ ಏನು ಮಾಡಿದ ಗೊತ್ತೇ?

ಮಾಸ್ತರರ ಭುಜ ಹಿಡಿದೆತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದ... "ಹೋಗ್ಲಿ ಬಿಡು ಚಂಬಣ್ಣ. ನಾ ನಿನ್ನ ಕ್ಷಮಿಸೀನಿ."

ನೆರೆದವರು ಕಣ್ಣೊರೆಸಿಕೊಂಡರು. ಎಂಥ ದೊಡ್ಡ ಮನಸ್ಸು!

ಶಾಂಭವಿ ಮಾತ್ರ ಅಳಲಿಲ್ಲ. ದಿಂಬಿನ ಕೆಳಗಿಂದ ಎಡಗೈಯಲ್ಲಿ ಆ ದಾರ ತೆಗೆದಳು.

ಆಸ್ಪತ್ರೆಯಲ್ಲಿ ಮಲಗಿ ಅವಳು ಅದನ್ನೇ ನೋಡುತ್ತಿದ್ದಳು. ಮೊದಲನೆಯದು ಸಾದಾ ಗಂಟು. ಎರಡನೆಯದು ಎರಡು ಸುತ್ತು ಹಾಕಿ, ತುದಿಯನ್ನು ಒಳಗೆ ಸಿಕ್ಕಿಸಿದ್ದು. ಅಂಗಡಿಯಲ್ಲಿ ಸೀರೆಯ ಪಾರ್ಸೆಲ್ಲಿಗೆ ಅಪ್ಪ ಹಾಕುವ ಗಂಟು... ಚಿಕ್ಕವಳಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಅವಳಿಗೂ ಕಲಿಸಿದ ಗಂಟು.

ಕಾಕಾ ಅಳುವಾಗಲಾದರೂ ಅಪ್ಪ ಬಾಯಿ ಬಿಡುತ್ತಾನೆಂದು ಕಾದಿದ್ದಳು.

"ಅಪ್ಪಾ... ನನಗಿನ್ನ ಗಂಟು ಹಾಕಾಕ ಆಗಂಗಿಲ್ಲ. ಈ ಎರಡನೇ ಗಂಟಿನ ಮಗ್ಗಲಿಗೆ ನೀ ಒಂದು ಗಂಟು ಹಾಕು. ಕಾಕಾನೂ ನೋಡ್ಲಿ."

ನಿಜಗುಣಪ್ಪ ದಾರ ಹಿಡಿದ. ಎರಡೂ ಕೈಯ ಬೆರಳುಗಳು ನೆಟ್ಟಗಿದ್ದವು... ಒಂದು ಗಂಟನ್ನೂ ಹಾಕಲು ಆಗಲಿಲ್ಲ.

*

*ಗೆಳೆಯನನ್ನು ಬೀಳಿಸಲು ಸರಿಸಿದ ಗಂಟು ನಾಳೆ ಯಾರ ಮನೆಯ ಮಗುವಿನ ಕೈಗೆ ಸಿಗುತ್ತದೆ ಎಂಬುದು ಸರಿಸಿದವನಿಗೂ ಗೊತ್ತಿರುವುದಿಲ್ಲ.*

ನೀವು ಕೊನೆಯ ಸಲ ಯಾರನ್ನೋ "ಕ್ಷಮಿಸಿದಿರಲ್ಲ"... ಅಂದು ನಿಜವಾಗಿ ಕ್ಷಮೆ ಕೇಳಬೇಕಾಗಿದ್ದವರು ಯಾರು?